ಸಂಖ್ಯೆ ಅಥವಾ ಏನೂ ಇಲ್ಲ

ಲಾರ್ಕ್ ಕೊಲ್ಲಿ, ಟಾಸ್ಮೇನಿಯ
9 ಮಾರ್ಚ್ 2023

ಐವರ್ ಟೆಂಪಲ್ಟನ್ ಅವರಿಗೆ,

ಅಂಚೆಯವನು ನನ್ನ ಹೆಸರಿನ ಲಕೋಟೆ ಕೊಟ್ಟಾಗ ನಾನು ಕೆಲಸ ಮಾಡುವ ಶೆಡ್ಡಿನ ಒಡತಿ ಗ್ಲೆನಿಸ್ ಮೊದಲು ಕೇಳಿದ್ದು, "ಕೋರ್ಟಿಂದ ಬಂತೇನೇ?" ಎಂದು. ನನಗೆ ಯಾರೂ ಕಾಗದ ಬರೆಯುವುದಿಲ್ಲ. ನಿಮ್ಮ ನಿಯಮ ಅರ್ಥವಾಯಿತು. ನಿಮ್ಮ ಹೆರನ್ ಪ್ರೋಗ್ರಾಮಿನ ಕೆಲಸದ ಮಾತೆಲ್ಲ ಜಾಲತಾಣದಲ್ಲಿ, ಎಲ್ಲರ ಕಣ್ಣೆದುರು. ನಾವು ಯಾರು, ಹೇಗಿದ್ದೇವೆ ಎನ್ನುವುದು ಕಾಗದದಲ್ಲಿ, ನಮ್ಮಿಬ್ಬರ ನಡುವೆ. ಒಪ್ಪಿದೆ.

ನೀನು ಯಾರು ಎಂದು ಕೇಳಿದ್ದೀರಿ. ವಯಸ್ಸು ಹತ್ತೊಂಬತ್ತು. ಹದಿನೈದಕ್ಕೆ ಶಾಲೆ ಬಿಟ್ಟೆ. ಯಾರೂ ಓಡಿಸಲಿಲ್ಲ, ಗಣಿತದ ತರಗತಿಯ ನಡುವೆ ಎದ್ದು ಬಂದೆ. ಪುಸ್ತಕದ ಹಿಂದೆ ಕೊಟ್ಟಿದ್ದ ಉತ್ತರ ತಪ್ಪಿತ್ತು. ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ನೋಯೆಲ್ ಫೆನ್ನರ್ ಮೇಷ್ಟರು ಕನ್ನಡಕ ಏರಿಸಿ ನೋಡಿ, "ನೀನ್ ಹೇಳೋದು ಸರಿ ಇರ್ಬಹುದಮ್ಮ, ಆದ್ರೆ ಪರೀಕ್ಷೇಲಿ ಪುಸ್ತಕದ್ದೇ ಬರಿ, ಅಂಕ ಕೊಡೋದು ಅದಕ್ಕೇ" ಎಂದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಆಮೇಲೆ ನಾಲ್ಕು ವರ್ಷದಲ್ಲಿ ಐದು ಕೆಲಸ. ಒಂದು ಕಡೆ ನಿಲ್ಲಲು ನನಗೆ ಬರುವುದಿಲ್ಲ. ಇಲ್ಲಿ ಮಾತ್ರ ಹದಿನಾಲ್ಕು ತಿಂಗಳಿಂದ ಇದ್ದೇನೆ, ಗ್ಲೆನಿಸ್ ಬ್ರೆಡನ್‌ಳ ಸಿಂಪಿ ಶೆಡ್ಡಿನಲ್ಲಿ.

ಕೊಲ್ಲಿಯಲ್ಲಿ ಬೆಳೆಸಿದ, ಜನ ಹಸಿಯಾಗಿಯೇ ತಿನ್ನುವ ಸಿಂಪಿಗಳನ್ನು ಗಾತ್ರ ನೋಡಿ ಬೇರೆ ಮಾಡುತ್ತೇನೆ, ಚೀಲಕ್ಕೆ ತುಂಬುತ್ತೇನೆ, ಚೀಲದ ಬಾಯಿಗೆ ಚೀಟಿ ಕಟ್ಟುತ್ತೇನೆ. ಚೀಟಿಯ ಮೇಲೆ ಕೊಲ್ಲಿಯ ಹೆಸರು, ಎತ್ತಿದ ದಿನ, ತುಂಬಿದವರ ಸಹಿ ಇರಬೇಕು. ಮೊದಲ ವಾರ ಬೇರೊಬ್ಬ ತುಂಬಿದ ಚೀಲಕ್ಕೆ ನಾನು ಸಹಿ ಹಾಕಿಬಿಟ್ಟೆ, ಅವನಿಗೆ ಬಸ್ಸಿಗೆ ಹೊತ್ತಾಗಿತ್ತು. ಗ್ಲೆನಿಸ್ ಆ ಚೀಲವನ್ನು ಇಡಿಯಾಗಿ ಮೇಜಿನ ಮೇಲೆ ಸುರಿದಳು. "ಇದ್ರೊಳಗೆ ಏನಿತ್ತು ಹೇಳು ನೋಡಣ. ಗೊತ್ತಿಲ್ವಾ? ಮತ್ತೆ ಯಾವ ಧೈರ್ಯದ ಮೇಲೆ ಹೆಸ್ರು ಬರ್ದೆ?" ಆ ದಿನ ಇವಳ ಹತ್ತಿರ ಸ್ವಲ್ಪ ದಿನ ಇರಬಹುದು ಅನ್ನಿಸಿತು.

ಬೆಟ್ಟದಲ್ಲಿ ಮಳೆ ಬಿದ್ದರೆ ನಾವು ಸಿಂಪಿ ಎತ್ತುವಂತಿಲ್ಲ. ಮೇಲಿನ ಊರುಗಳ ಕೊಳಕೆಲ್ಲ ಹೊಳೆಯಲ್ಲಿ ಇಳಿಯುತ್ತದೆ, ಸಿಂಪಿ ಅದನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಬೆಟ್ಟದ ಮಳೆಮಾಪಕ ಓದಿ ಎಚ್ಚರಿಸುವ ಪ್ರೋಗ್ರಾಂ ಒಂದು ಕೊಲ್ಲಿಯ ಬೆಳೆಗಾರರಿಗೆಲ್ಲ ಇದೆ. ಅದು ನಿಂತಿರುವುದು, ಮಾಪಕಗಳನ್ನು ಓದಲೆಂದು ನೀವು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಹೆರನ್ ಮೇಲೆ. ನೋಡಿಕೊಳ್ಳುವವರು ಯಾರು ಗೊತ್ತೇ? ನಿವೃತ್ತರಾದ ಅದೇ ನೋಯೆಲ್ ಮೇಷ್ಟರು. ನಗಬೇಡಿ.

ಹೆರನ್‌ನ ಇನ್ನೂರ ಹದಿನಾಲ್ಕು ತುಂಡುಗಳಿಗೂ ಟೈಪ್ ಸುಳಿವು ಬರೆದು ಮುಗಿಸಿದ್ದೇನೆ. ಗ್ಲೆನಿಸ್‌ಗೆ ಹೀಗೆ ವಿವರಿಸಿದೆ: ಪ್ರೋಗ್ರಾಮಿನ ಪ್ರತಿ ತುಂಡಿಗೂ ಚೀಟಿ ಕಟ್ಟುತ್ತಿದ್ದೇನೆ, ಒಳಕ್ಕೆ ಏನು ಹಾಕಬೇಕು, ಹೊರಕ್ಕೆ ಏನು ಬರುತ್ತದೆ ಎಂದು. ಬಳಸುವವರ ಕಡೆ ತಪಾಸಕ ಎಂಬ ಸಾಧನ ಆ ಚೀಟಿಗಳನ್ನು ಓದಿ, ಪ್ರೋಗ್ರಾಂ ಓಡುವ ಮೊದಲೇ "ಇಲ್ಲಿ ಎಡವುತ್ತೀಯ" ಎಂದು ತೋರಿಸುತ್ತದೆ.

"ಚೀಟೀಲಿ ಸುಳ್ಳು ಬರ್ದಿದ್ರೆ?" ಎಂದಳು.

ಪ್ರೋಗ್ರಾಂ ಪಾಡಿಗೆ ಪ್ರೋಗ್ರಾಂ ಓಡುತ್ತದೆ, ತಪಾಸಕ ಮಾತ್ರ ಆ ಸುಳ್ಳನ್ನೇ ನಂಬಿಕೊಂಡು ಕೂರುತ್ತದೆ ಎಂದೆ.

"ಹಂಗಾದ್ರೆ ಚೀಟಿ ಇಲ್ದಿರೋದೇ ವಾಸಿ ಬಿಡು."

'ಇತ್ತೀಚಿನ ಮಳೆ' ಎಂಬ ತುಂಡಿಗೆ ಒಂದು ಇಡೀ ವಾರ ಹಿಡಿಯಿತು. ಮಾಪಕ ಸುಮ್ಮನಾದಾಗ ಅದು ಸೊನ್ನೆ ಕೊಡುವುದಿಲ್ಲ, ಏನನ್ನೂ ಕೊಡುವುದಿಲ್ಲ. ಅದಕ್ಕೆ ಅದರ ಚೀಟಿಯಲ್ಲಿ 'ಸಂಖ್ಯೆ ಅಥವಾ ಏನೂ ಇಲ್ಲ' ಎಂದು ಬರೆದೆ. ಸೊನ್ನೆ ಬೇರೆ, ಏನೂ ಇಲ್ಲ ಬೇರೆ. ಸೊನ್ನೆ ಎಂದರೆ ಮಳೆ ಬಂದಿಲ್ಲ. ಏನೂ ಇಲ್ಲ ಎಂದರೆ ಗೊತ್ತಿಲ್ಲ.

ಇದು ಕೆಲಸದ ಮಾತಾಯಿತು, ತಪ್ಪಾಯಿತು. ಇಷ್ಟನ್ನೂ ಜಾಲತಾಣದಲ್ಲಿ ಎಲ್ಲರ ಎದುರು ಬರೆದಿದ್ದೇನೆ.

ಟೆಗನ್ ಡಗನ್


ಡನೀಡಿನ್, ನ್ಯೂಜಿಲೆಂಡ್
28 ಮಾರ್ಚ್ 2023

ಪ್ರಿಯ ಟೆಗನ್,

ನಿನ್ನ ಮೇಷ್ಟರ ಕತೆ ಓದಿ ನಕ್ಕೆ, ನಗಬೇಡಿ ಎಂದಿದ್ದರೂ. ನಾನೂ ಮೇಷ್ಟರಿಗೆ ಪ್ರಿಯನಾಗಿರಲಿಲ್ಲ. ಮೂವತ್ತು ವರ್ಷ ಹೊಳೆಗಳ ಮಟ್ಟ ಅಳೆಯುವ ಕೆಲಸದಲ್ಲಿದ್ದೆ. ಅದರಲ್ಲಿ ಇಪ್ಪತ್ತೆರಡು ವರ್ಷ, ಸಂಜೆಯ ಹೊತ್ತು, ಹೆರನ್ ಸಾಕಿದೆ. ಜನ ಬರುತ್ತಾರೆ, ಬಳಸುತ್ತಾರೆ, ಕೆಟ್ಟರೆ ಬೈದು ಹೋಗುತ್ತಾರೆ. ಪ್ರತಿ ಕೋಣೆಯ ಬಾಗಿಲೂ ತೆರೆದು ಒಳಗೆ ಏನಿದೆ ಎಂದು ನೋಡಿದವಳು ನೀನೊಬ್ಬಳೇ. ನಾನೇ ಬರೆದದ್ದು ಏನನ್ನು ಕೊಡುತ್ತದೆ ಎಂದು ನಿನ್ನ ಚೀಟಿ ಓದಿ ತಿಳಿದುಕೊಂಡೆ. 'ಸೊನ್ನೆ ಬೇರೆ, ಏನೂ ಇಲ್ಲ ಬೇರೆ' ಎಂಬ ನಿನ್ನ ಮಾತನ್ನು ಮೇಜಿನೆದುರಿನ ಗೋಡೆಗೆ ಅಂಟಿಸಿದ್ದೇನೆ.

ಇನ್ನೊಂದೇ ಉಳಿದಿದೆ. ಚೀಟಿಗಳ ಜೊತೆ ಪೊಟ್ಟಣದಲ್ಲಿ ಒಂದು ಖಾಲಿ ಕಡತ ಹೋಗಬೇಕು. ಅದರೊಳಗೆ ಒಂದಕ್ಷರವೂ ಇರುವುದಿಲ್ಲ. ಅದು ಇದ್ದರೆ ಲೋಕದ ತಪಾಸಕಗಳೆಲ್ಲ ನಮ್ಮ ಚೀಟಿಗಳನ್ನು ನಂಬುತ್ತವೆ. ಇಲ್ಲದಿದ್ದರೆ ಕಣ್ಣೆತ್ತಿಯೂ ನೋಡುವುದಿಲ್ಲ. ಒಂದು ಬಗೆಯ ಆಣೆ ಎಂದುಕೋ. ಅದನ್ನು ನೀನೇ ಸೇರಿಸು.

ಜೊತೆಗೆ ಒಂದು ಪೆಟ್ಟಿಗೆ ಬರುತ್ತಿದೆ. ಒಳಗೆ ನನ್ನ ಮೊದಲ ಕೆಲಸದ ಮಳೆ ಅಳೆಯುವ ಗಾಜು. ನನ್ನ ಮೊಣಕಾಲು ಈಗ ಗುಡ್ಡ ಹತ್ತುವುದಿಲ್ಲ. ನಿನ್ನ ಹತ್ತಿರ ಇರಲಿ.

ನಿನ್ನ,
ಐವರ್


ಲಾರ್ಕ್ ಕೊಲ್ಲಿ
17 ಮೇ 2023

ಪ್ರಿಯ ಐವರ್,

ಗಾಜು ಒಡೆಯದೆ ಬಂತು. ಗೆರೆಗಳು ಎಷ್ಟು ಸಣ್ಣಗಿವೆ! ಗ್ಲೆನಿಸ್ ಅದರಲ್ಲಿ ಹೂವಿಡಲು ಹೊರಟಿದ್ದಳು, ಕಿತ್ತುಕೊಂಡೆ.

ಹೆರನ್‌ನ ಆವೃತ್ತಿ ನಾಲ್ಕು ಹೊರಟು ಆರು ವಾರವಾದರೂ ಲೋಕದಲ್ಲಿ ಯಾರೂ ಚಕಾರ ಎತ್ತದಿದ್ದದ್ದು ಏಕೆಂದು ಗೊತ್ತಾಯಿತು. ನಾವು ಅಷ್ಟು ಚೆನ್ನಾಗಿ ಮಾಡಿದ್ದೇವೆ ಎಂದು ನಾನು ಬೀಗುತ್ತಿದ್ದೆ. ಮೊನ್ನೆ ನೋಯೆಲ್ ಮೇಷ್ಟರು ಶೆಡ್ಡಿಗೆ ಬಂದರು. ನಾನು ಶಾಲೆ ಬಿಟ್ಟ ಮೇಲೆ ಅವರು ನನ್ನ ಜೊತೆ ಮಾತಾಡಿದ್ದು ಇದೇ ಮೊದಲು.

"ನಿನ್ ಚೀಟಿಗಳು ಎಲ್ಲಮ್ಮ? ನನ್ ತಪಾಸಕ ಹೆರನ್‌ಗೆ ಸುಳಿವೇ ಇಲ್ಲ ಅಂತಿದೆ."

"ಇದೆ ಸಾರ್. ನನ್ ಯಂತ್ರದಲ್ಲಿ ಕಾಣ್ತಿದೆ."

"ನಿನ್ ಯಂತ್ರ ಕಟ್ಕೊಂಡು ನಾನೇನ್ ಮಾಡ್ಲಿ? ನನ್ ಕೈಗೆ ಬಂದ ಪೊಟ್ಟಣ ಬಿಚ್ಚಿ ನೋಡು."

ಬಿಚ್ಚಿ ನೋಡಿದೆ. ಖಾಲಿ ಕಡತ ಇರಲಿಲ್ಲ. 'ಪ್ರೋಗ್ರಾಮಿನ ಕಡತಗಳನ್ನು ಮಾತ್ರ ತುಂಬು' ಎಂದು ಪೊಟ್ಟಣ ಕಟ್ಟುವ ಸಾಧನಕ್ಕೆ ನೀವು ಎಂದೋ ಹೇಳಿಟ್ಟಿದ್ದಿರಿ. ಖಾಲಿ ಕಡತದಲ್ಲಿ ಪ್ರೋಗ್ರಾಂ ಇಲ್ಲವಲ್ಲ, ಅದನ್ನು ಹೊರಗೇ ಬಿಟ್ಟು ಬಾಯಿ ಕಟ್ಟಿದೆ. ನಮ್ಮಿಬ್ಬರ ಯಂತ್ರದಲ್ಲಿ ಅದು ಇದ್ದದ್ದರಿಂದ ನಮಗೆ ಎಲ್ಲ ಸರಿ ಕಂಡಿತು. ಇನ್ನೂರ ಹದಿನಾಲ್ಕು ಚೀಟಿ ಕಟ್ಟಿ ಒಂದನ್ನೂ ಯಾರೂ ಓದದಂತೆ ಕಳಿಸಿದ್ದೆವು! ಮೇಷ್ಟರು ಹೊರಡುವಾಗ, "ಗಮನಕ್ಕೆ ಅಂಕ ಕಡಿಮೆ" ಎಂದರು. ನಗುತ್ತಿದ್ದರು ಅನಿಸುತ್ತದೆ. ಅವರ ಮುಖದಲ್ಲಿ ಅದು ತಿಳಿಯುವುದು ಕಷ್ಟ.

ಸರಿಪಡಿಸಿ ಹಾಕಿದ್ದೇನೆ. ಇನ್ನು ಮುಂದೆ ಹೊರಟ ಪೊಟ್ಟಣವನ್ನೇ ಬಿಚ್ಚಿ ನೋಡುತ್ತೇನೆ.

ನಿಮ್ಮ,
ಟೆಗನ್


ಡನೀಡಿನ್
2 ಜುಲೈ 2023

ಪ್ರಿಯ ಟೆಗನ್,

ಖಾಲಿ ಕಡತ ಸೇರಿಸಿದ್ದೇ ತಡ, ಜನ ಎಚ್ಚರಗೊಂಡಿದ್ದಾರೆ. ಬ್ರಿಸ್ಬೇನ್‌ನ ಒಂದು ದೊಡ್ಡ ಸಂಸ್ಥೆ ಇಡೀ ಪೂರ್ವ ಕರಾವಳಿಯ ಮಾಪಕಗಳಿಗೆ ಹೆರನ್ ಬಳಸಬೇಕೆಂದಿದೆ. ಅವರ ತಪಾಸಕ ನಿನ್ನ ಚೀಟಿಗಳನ್ನು ಓದಿ ಅವರ ಪ್ರೋಗ್ರಾಮಿನಲ್ಲಿ ಮುನ್ನೂರ ಹನ್ನೆರಡು ಕಡೆ ಕೆಂಪು ಗೆರೆ ಎಳೆಯಿತಂತೆ. ಅದೇ, 'ಏನೂ ಇಲ್ಲ' ಬಂದರೆ ಏನು ಮಾಡುತ್ತೀರಿ ಎಂದು. ಸ್ವಲ್ಪ ಗೊಣಗಿದರು. ನೀನು ತಲೆ ಕೆಡಿಸಿಕೊಳ್ಳಬೇಡ, ನಾನು ಮಾತಾಡಿ ಸರಿಮಾಡಿದ್ದೇನೆ.

ಆವೃತ್ತಿ 4.2 ನಿನ್ನೆ ಹೊರಟಿತು. ನೀನು ಕಳಿಸಿದ್ದ ಕೊನೆಯ ತಿದ್ದುಪಡಿಗಳನ್ನೆಲ್ಲ ಚೊಕ್ಕವಾಗಿರಲೆಂದು ಒಂದೇ ಗಂಟಾಗಿ ಮಡಚಿ ಸೇರಿಸಿದೆ. ಪ್ರಕಟಣೆಯ ಮೊದಲ ಸಾಲು ನೋಡು. ನಿನಗೊಂದು ಖುಷಿ ಕಾದಿದೆ.

ನಿನ್ನ,
ಐವರ್


ಲಾರ್ಕ್ ಕೊಲ್ಲಿ
20 ಜುಲೈ 2023

ಪ್ರಿಯ ಐವರ್,

'ಹೆರನ್ ಈಗ ಪೂರ್ತಿ ಚೀಟಿ ಹೊತ್ತು ಬರುತ್ತದೆ. ಇದು ಟೆಗನ್ ಡಗನ್ ಅವರ ಕೆಲಸ.'

ಅದನ್ನು ಅಚ್ಚು ಹಾಕಿಸಿ ಶೆಡ್ಡಿನ ಫ್ರಿಜ್ಜಿಗೆ ಅಂಟಿಸಿದ್ದೇನೆ. ಗ್ಲೆನಿಸ್ ಬಂದವರಿಗೆಲ್ಲ ತೋರಿಸುತ್ತಾಳೆ, ಮೀನಿನ ಲಾರಿಯವನಿಗೂ. "ಶಾಲೆ ಬಿಟ್ಟೋಳು ಕಣಪ್ಪ! ನಿನ್ ಮಗ ಓದಿ ಏನ್ ಕಡ್ದು ಕಟ್ಟೆ ಹಾಕ್ದ?" ನನಗೆ ನಾಚಿಕೆ, ಆದರೆ ತಡೆಯುವುದಿಲ್ಲ. ನಮ್ಮಮ್ಮ ಹೋಬಾರ್ಟಿನಿಂದ ಫೋನು ಮಾಡಿ, ಅದೇನೆಂದು ಅರ್ಥವಾಗದೆ, ಅತ್ತಳು.

ಆ ಮುನ್ನೂರ ಹನ್ನೆರಡು ಕೆಂಪು ಗೆರೆಗಳನ್ನು ಅವರು ಹೇಗೆ ಸರಿಮಾಡಿದರು? ಇಷ್ಟು ಬೇಗ? ಹೇಳಿ, ನಾನೂ ಕಲಿಯುತ್ತೇನೆ.

ನಿಮ್ಮ,
ಟೆಗನ್


ಲಾರ್ಕ್ ಕೊಲ್ಲಿ, ಶಾಲೆ ರಸ್ತೆ
27 ಅಕ್ಟೋಬರ್ 2023

ಟೆಗನ್,

ಎರಡು ಸಲ ಶೆಡ್ಡಿನ ಬಾಗಿಲವರೆಗೆ ಬಂದು ಹಿಂದಿರುಗಿದೆ. ನಿನ್ನ ಮುಖ ನೋಡಿ ಹೇಳಲಾರದ್ದಕ್ಕೆ ಬರೆಯುತ್ತಿದ್ದೇನೆ.

ಬೆಳೆಗಾರರ ಸಭೆಯಲ್ಲಿ ನನ್ನನ್ನು ಕೇಳಿದರು, ಎಚ್ಚರಿಕೆ ಏಕೆ ಬರಲಿಲ್ಲ ಎಂದು. ಉತ್ತರ ಇದು. ನಮ್ಮ ಪ್ರೋಗ್ರಾಂ ಬೆಳಗಿನ ನಾಲ್ಕೂವರೆಗೆ ಬೆಟ್ಟದ ಮಾಪಕವನ್ನು ಓದುತ್ತದೆ. ಮಳೆ ಹೆಚ್ಚಿದ್ದರೆ ಎಲ್ಲರಿಗೂ ಎಚ್ಚರಿಕೆ. ಮಾಪಕದಿಂದ ಏನೂ ಬರದಿದ್ದರೆ 'ಮಾಪಕ ಸುಮ್ಮನಿದೆ, ಎತ್ತಬೇಡಿ' ಎಂಬ ಎಚ್ಚರಿಕೆ. ಎಲ್ಲ ಸರಿ ಇದ್ದರೆ ಮೌನ. ಐದಕ್ಕೆ ದೋಣಿ ಹೊರಡುತ್ತದೆ. ಸರ್ಕಾರದ ಸೂಚನೆ ಬರುವುದು ಒಂಬತ್ತಕ್ಕೆ.

ಆಗಸ್ಟಿನಲ್ಲಿ ಹೊಸ ಹೆರನ್ ಹಾಕಿದಾಗ ನನ್ನ ತಪಾಸಕ ಎರಡನೆಯ ಎಚ್ಚರಿಕೆಯ ಸಾಲುಗಳಿಗೆ ಗುರುತು ಹಾಕಿತು: ಇಲ್ಲಿಗೆ ಪ್ರೋಗ್ರಾಂ ಎಂದಿಗೂ ಬರುವುದಿಲ್ಲ, ಏಕೆಂದರೆ 'ಇತ್ತೀಚಿನ ಮಳೆ' ಯಾವಾಗಲೂ ಸಂಖ್ಯೆಯನ್ನೇ ಕೊಡುತ್ತದೆ ಎಂದು. ಮೊದಲು ಹಾಗಿರಲಿಲ್ಲವಲ್ಲ ಎಂದು ಹಿಂದಿನ ದಾಖಲೆ ತೆಗೆದು ನೋಡಿದೆ. ಆ ಚೀಟಿಯನ್ನು ಜುಲೈ ಒಂದರಂದು ಬದಲಾಯಿಸಲಾಗಿತ್ತು. ಬದಲಾಯಿಸಿದವರ ಹೆಸರು ನಿನ್ನದು.

ಬೇರೆ ಯಾರ ಹೆಸರಿದ್ದರೂ ನಾನು ಒಳಹೊಕ್ಕು ನೋಡುತ್ತಿದ್ದೆ. ನಿನ್ನ ಹೆಸರು ನೋಡಿ ಆ ಸಾಲುಗಳನ್ನು ಅಳಿಸಿದೆ. ಅಂಕಕ್ಕಾಗಿ ತಪ್ಪು ಉತ್ತರ ಬರೆಯುವುದಿಲ್ಲ ಎಂದು ಎದ್ದು ಹೋದ ಹುಡುಗಿ, ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವಳಲ್ಲ ಎಂದುಕೊಂಡೆ.

ಹತ್ತೊಂಬತ್ತರ ಬೆಳಗ್ಗೆ ಇಲ್ಲಿ ಒಂದು ಹನಿಯೂ ಇರಲಿಲ್ಲ. ಬೆಟ್ಟದಲ್ಲಿ ಮಳೆ ಸುರಿದು, ಹೊಳೆ ಉಕ್ಕಿ ಮಾಪಕವನ್ನು ಕಂಬಸಹಿತ ಕೊಚ್ಚಿಕೊಂಡು ಹೋಗಿತ್ತು. ಪ್ರೋಗ್ರಾಮಿಗೆ ಏನೂ ಬರಲಿಲ್ಲ, ಅದು ಅಲ್ಲೇ ಮುಗ್ಗರಿಸಿ ಬಿತ್ತು. ನಮಗೆ ಕೇಳಿಸಿದ್ದು ಮೌನ. ಮುಂದಿನದು ನಿನಗೇ ಗೊತ್ತು.

ಹೇಳು, ಆ ಚೀಟಿಯನ್ನು ಏಕೆ ಬದಲಾಯಿಸಿದೆ? ಬೈಯಲು ಕೇಳುತ್ತಿಲ್ಲ. ಅಳಿಸಿದವನು ನಾನು, ಅದನ್ನು ಸಭೆಯಲ್ಲೇ ಹೇಳಿದೆ. ತಿಳಿಯಬೇಕು, ಅಷ್ಟೇ.

ನೋಯೆಲ್ ಫೆನ್ನರ್


ಲಾರ್ಕ್ ಕೊಲ್ಲಿ
3 ನವೆಂಬರ್ 2023

ಐವರ್,

ಇಲ್ಲಿ ನಡೆದದ್ದು ಇಷ್ಟು. ಅಕ್ಟೋಬರ್ ಹತ್ತೊಂಬತ್ತರಂದು ನಾವು ಎತ್ತಿದ ಸಿಂಪಿ ಲಾನ್ಸೆಸ್ಟನ್‌ನ ಒಂದು ಅರವತ್ತನೆಯ ಹುಟ್ಟುಹಬ್ಬಕ್ಕೆ ಹೋಯಿತು. ಹನ್ನೊಂದು ಜನ ಹಾಸಿಗೆ ಹಿಡಿದರು. ಹುಟ್ಟುಹಬ್ಬದ ಹೆಂಗಸು ಆರು ದಿನ ಆಸ್ಪತ್ರೆಯಲ್ಲಿದ್ದಳು. ಯಾರೂ ಸಾಯಲಿಲ್ಲ. ಚೀಲದ ಚೀಟಿ ಹಿಡಿದುಕೊಂಡು ಅಧಿಕಾರಿಗಳು ಶೆಡ್ಡಿಗೆ ಬಂದರು. ಸಹಿ: ಟಿ. ಡಗನ್. ಕೊಲ್ಲಿಯನ್ನು ಮುಚ್ಚಿದ್ದಾರೆ. ಹತ್ತು ಮನೆಗಳವರು ಕ್ರಿಸ್‌ಮಸ್‌ಗೆ ಒಂದು ಸಿಂಪಿಯನ್ನೂ ಮಾರುವಂತಿಲ್ಲ.

ಆ ಚೀಲದ ಮೇಲಿನ ಸಹಿ ನನ್ನದೇ, ನಾನೇ ತುಂಬಿದ್ದು. ಅದರ ಬಗ್ಗೆ ನನ್ನ ತಕರಾರಿಲ್ಲ.

ಇನ್ನೊಂದು ಸಹಿಯ ಬಗ್ಗೆ ಬರೆಯುತ್ತಿದ್ದೇನೆ. ನೋಯೆಲ್ ಮೇಷ್ಟರ ಕಾಗದ ಓದಿ ಅವರು ಎಲ್ಲೋ ಎಡವಿದ್ದಾರೆ ಎಂದುಕೊಂಡೆ. ಆಮೇಲೆ ಜುಲೈ ಒಂದರ ಗಂಟು ಬಿಚ್ಚಿದೆ. ನಾನು ನಿಮಗೆ ಕಳಿಸಿದ್ದು ಒಂಬತ್ತು ಸಾಲು, ಅದರ ಪ್ರತಿ ನನ್ನ ಯಂತ್ರದಲ್ಲಿದೆ. ನನ್ನ ಹೆಸರಿನಲ್ಲಿ ಒಳಗೆ ಹೋದದ್ದು ಹತ್ತು ಸಾಲು. ಹತ್ತನೆಯದು: 'ಸಂಖ್ಯೆ ಅಥವಾ ಏನೂ ಇಲ್ಲ' ಹೋಗಿ 'ಸಂಖ್ಯೆ' ಆಗಿದೆ. ಪ್ರೋಗ್ರಾಂ ಮೊದಲಿನಂತೆಯೇ ಇದೆ, ಅದು ಈಗಲೂ ಏನೂ ಇಲ್ಲ ಎನ್ನುತ್ತದೆ. ಚೀಟಿ ಮಾತ್ರ ಬದಲಾಗಿದೆ. ಬ್ರಿಸ್ಬೇನ್‌ನವರ ಮುನ್ನೂರ ಹನ್ನೆರಡು ಕೆಂಪು ಗೆರೆಗಳು ಎಲ್ಲಿ ಹೋದವು ಎಂದು ಜುಲೈಯಲ್ಲಿ ಕೇಳಿದ್ದೆ. ನೀವು ಉತ್ತರ ಬರೆಯಲಿಲ್ಲ.

ಗ್ಲೆನಿಸ್‌ಗೆ ಅರ್ಥಮಾಡಿಸಲು ಕಷ್ಟವಾಗಲಿಲ್ಲ. "ಅಂದ್ರೆ, ನಿನ್ ಚೀಲಕ್ಕೆ ಅವ್ನು ತನ್ನ ಸಿಂಪಿ ಹಾಕಿ ಬಾಯಿ ಕಟ್ದ," ಎಂದಳು. ಆಮೇಲೆ ಫ್ರಿಜ್ಜಿನ ಮೇಲಿನ ಕಾಗದದ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ.

ಅಂಗಡಿಯಲ್ಲಿ ಬೆಳೆಗಾರ ಒಬ್ಬ, ನನಗೆ ಕೇಳಿಸಲಿ ಎಂದೇ, "ಕಂಪ್ಯೂಟರ್ ರಾಣಿ ಬಂದ್ಲು, ದಾರಿ ಬಿಡ್ರಪ್ಪ" ಎಂದ. ನಾನು ಮಾಡಿಲ್ಲ ಎಂದೆ. "ಮಾಸ್ಟ್ರು ತೋರ್ಸಿದ್ರು ಕಣಮ್ಮ, ನಿನ್ ಹೆಸ್ರೇ ಇತ್ತು" ಎಂದ. ಅವನು ಹೇಳಿದ್ದು ಸುಳ್ಳಲ್ಲ.

ನೀವು ಹಾಕಿದಿರಾ?

ಟೆಗನ್


ಡನೀಡಿನ್
21 ನವೆಂಬರ್ 2023

ಪ್ರಿಯ ಟೆಗನ್,

ಹನ್ನೊಂದು ಜನರ ಸುದ್ದಿಯನ್ನು ಎರಡು ಸಲ ಓದಿದೆ. ಎಲ್ಲರೂ ಚೇತರಿಸಿಕೊಂಡಿದ್ದಾರೆ ಎಂದು ನಂಬುತ್ತೇನೆ.

ಹೌದು, ಆ ಸಾಲು ನಾನು ಹಾಕಿದ್ದು. ಆದರೆ ನಿನ್ನ ಹೆಸರು ಬೇಕೆಂದು ಹಾಕಿದ್ದಲ್ಲ. ಗಂಟಾಗಿ ಮಡಚಿದರೆ ಎಲ್ಲ ಸಾಲುಗಳಿಗೂ ಮೊದಲು ಕಳಿಸಿದವರ ಹೆಸರನ್ನು ಸಾಧನವೇ ಬರೆಯುತ್ತದೆ, ನಿನಗೆ ಗೊತ್ತೇ ಇದೆ. ಅದರ ಮುಂದಿನ ವಾರ ಬ್ರಿಸ್ಬೇನ್‌ನಲ್ಲಿ ಆ ಸಂಸ್ಥೆಯವರ ಜೊತೆ ಸಭೆ ಇತ್ತು. ಅವರ ಕಡೆ ಒಂದೂ ಕೆಂಪು ಗೆರೆ ಇರಬಾರದೆಂದು ಪಟ್ಟು ಹಿಡಿದಿದ್ದರು. ಯೋಚಿಸು, ಮಾಪಕ ಸುಮ್ಮನಾಗುವುದು ವರ್ಷಕ್ಕೆ ಒಂದೆರಡು ದಿನ. ಉಳಿದ ಮುನ್ನೂರ ಅರವತ್ತಮೂರು ದಿನ ಅದು ಸಂಖ್ಯೆಯನ್ನೇ ಕೊಡುತ್ತದೆ. ಸುಳ್ಳು ಎನ್ನುವುದು ತುಂಬ ದೊಡ್ಡ ಮಾತು. ಅನುಕೂಲ ಎನ್ನೋಣ. ಮುಂದಿನ ಆವೃತ್ತಿಯಲ್ಲಿ ನಿಧಾನವಾಗಿ ಸರಿಮಾಡಿ, ನಿನಗೂ ಹೇಳಬೇಕೆಂದಿದ್ದೆ. ದಿನಗಳು ಸರಿದುಹೋದವು.

ಇದೂ ಅಲ್ಲದೆ, ನಿನ್ನ ಮೇಷ್ಟರು ಆ ಸಾಲುಗಳನ್ನು ಅಳಿಸಬೇಕಿರಲಿಲ್ಲ. ಅನುಭವ ಇರುವವರು ಚೀಟಿಯನ್ನು ಅಷ್ಟು ಕಣ್ಣು ಮುಚ್ಚಿ ನಂಬುವುದಿಲ್ಲ.

ನಿನ್ನ,
ಐವರ್


ಲಾರ್ಕ್ ಕೊಲ್ಲಿ
6 ಡಿಸೆಂಬರ್ 2023

ಐವರ್,

ಅವರು ಚೀಟಿಯನ್ನು ನಂಬಲಿಲ್ಲ. ಚೀಟಿಯ ಮೇಲೆ ಅನುಮಾನ ಬಂದು ಹೆಸರು ಹುಡುಕಿದರು. ಹೆಸರನ್ನು ನಂಬಿದರು. ನನ್ನ ಹತ್ತಿರ ಇದ್ದದ್ದು ಅದೊಂದೇ. ಶಾಲೆಯ ಕಾಗದ ಇಲ್ಲ, ಒಂದು ಕೆಲಸದಲ್ಲಿ ಎರಡು ವರ್ಷ ನಿಂತ ದಾಖಲೆ ಇಲ್ಲ. ಆ ಹುಡುಗಿ ಸುಳ್ಳು ಹೇಳುವುದಿಲ್ಲ ಎಂದು ನಾಲ್ಕು ಜನ ಅನ್ನುತ್ತಿದ್ದರು. ಅದನ್ನು ನೀವು ಒಂದು ಸಭೆಗೆ ಖರ್ಚು ಮಾಡಿದಿರಿ.

ಸಾಧನ ಹೆಸರು ಹಾಕಿತು, ಸರಿ. ಜುಲೈಯಿಂದ ನವೆಂಬರ್‌ವರೆಗೆ ಅದನ್ನು ಅಲ್ಲೇ ಬಿಟ್ಟಿದ್ದು ಸಾಧನವಲ್ಲ.

ಕೆಲಸದ ಮಾತು ಎಲ್ಲರ ಎದುರು ಎಂದು ನೀವೇ ಕಲಿಸಿದ್ದು. ಆ ಒಂದು ಸಾಲನ್ನು ಮಾತ್ರ ಯಾರಿಗೂ ತೋರಿಸದೆ ಗಂಟಿನೊಳಗೆ ಸೇರಿಸಿದಿರಿ. ತಪ್ಪಲ್ಲದಿದ್ದರೆ ಬಚ್ಚಿಟ್ಟದ್ದು ಏಕೆ?

ನನಗೆ ಬೇಕಾದದ್ದು ಒಂದೇ ವಾಕ್ಯ, ಜಾಲತಾಣದಲ್ಲಿ, ನಿಮ್ಮ ಹೆಸರಿನಲ್ಲಿ: 'ಆ ಚೀಟಿಯನ್ನು ಬದಲಾಯಿಸಿದ್ದು ನಾನು, ಟೆಗನ್ ಅಲ್ಲ.' ಕ್ಷಮೆ ಬೇಡ, ಕಾರಣವೂ ಬೇಡ.

ನೀವು ಒಪ್ಪಿಕೊಂಡ ಕಾಗದ ನನ್ನ ಕೈಯಲ್ಲಿದೆ. "ತಗೊಂಡೋಗಿ ಸಭೇಲಿ ಓದು, ಎಲ್ರ ಬಾಯೂ ಮುಚ್ಚುತ್ತೆ" ಎಂದು ಗ್ಲೆನಿಸ್ ಮೂರು ದಿನದಿಂದ ಹಟ ಹಿಡಿದಿದ್ದಾಳೆ. ಓದುವುದಿಲ್ಲ. ಕಾಗದದ ಮಾತು ನಮ್ಮಿಬ್ಬರ ನಡುವೆ ಎಂದು ಮಾರ್ಚಿನಲ್ಲಿ ಒಪ್ಪಿದ್ದೆ. ನೀವು ಮಾತು ಮುರಿದಿರಿ ಎಂದು ನಾನೂ ಮುರಿದರೆ, ನನ್ನನ್ನು ನಂಬಬಾರದು ಎಂದು ಅಂಗಡಿಯಲ್ಲಿ ಆ ಬೆಳೆಗಾರ ತಿಳಿದದ್ದು ನಿಜವಾಗುತ್ತದೆ.

ಕಾಯುತ್ತೇನೆ.

ಟೆಗನ್


ಡನೀಡಿನ್
19 ಡಿಸೆಂಬರ್ 2023

ಟೆಗನ್,

ಆವೃತ್ತಿ 4.3 ನಿನ್ನೆ ಹೊರಟಿತು. ಚೀಟಿ ಮೊದಲಿನಂತೆ ಆಗಿದೆ. ಪ್ರಕಟಣೆಯಲ್ಲಿ 'ಸಣ್ಣಪುಟ್ಟ ತಿದ್ದುಪಡಿಗಳು' ಎಂದು ಬರೆದಿದ್ದೇನೆ. ಬ್ರಿಸ್ಬೇನ್‌ನವರು ಈಗಾಗಲೇ ಒಳಗೆ ಬಂದಿರುವುದರಿಂದ ಸಹಿಸಿಕೊಳ್ಳುತ್ತಾರೆ.

ಹೆರನ್‌ನೊಳಗೆ ಬದಲಾವಣೆ ಸೇರಿಸುವ ಬೀಗದ ಕೈ ನಿನಗೂ ಕೊಡುತ್ತೇನೆ. ಇನ್ನು ಮುಂದೆ ನೀನೂ ನಾನೂ ಸಮ. ಫೆಬ್ರವರಿಯಲ್ಲಿ ವೆಲಿಂಗ್ಟನ್ನಿನ ಸಮ್ಮೇಳನಕ್ಕೆ ನನ್ನನ್ನು ಕರೆದಿದ್ದಾರೆ. ನನ್ನ ಬದಲು ನೀನು ಮಾತಾಡು. ಶಾಲೆಯ ಕಾಗದ ಇಲ್ಲ ಎಂದೆಯಲ್ಲ, ಯಾವ ಕೆಲಸಕ್ಕೆ ಬೇಕಾದರೂ ನಾನು ಬರೆದುಕೊಡುತ್ತೇನೆ.

ಆ ಒಂದು ವಾಕ್ಯ ಮಾತ್ರ ಕೇಳಬೇಡ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಬ್ರಿಸ್ಬೇನ್‌ನಲ್ಲಿ, ಒಂದು ಕೋಣೆಯ ತುಂಬ ಜನ ನನ್ನ ಮಾತು ಕೇಳಲು ಎದ್ದು ನಿಂತರು. ಅವರು ಜಾಲತಾಣದಲ್ಲಿ ಬರೆದದ್ದನ್ನೆಲ್ಲ ಓದುತ್ತಾರೆ. ನೀನು ಚಿಕ್ಕವಳು, ನಿನ್ನ ಹೆಸರು ಮತ್ತೆ ಬೆಳೆಯುತ್ತದೆ. ನನಗೆ ಅಷ್ಟು ಸಮಯವಿಲ್ಲ.

ಐವರ್


ಲಾರ್ಕ್ ಕೊಲ್ಲಿ
22 ಜನವರಿ 2024

ಐವರ್,

ಹೊಸ ವರ್ಷದ ಮೊದಲ ವಾರ ನಾನು ಜಾಲತಾಣದಲ್ಲಿ ಬರೆದದ್ದನ್ನು ನೀವು ನೋಡಿರುತ್ತೀರಿ. ನಾನು ಕಳಿಸಿದ ಒಂಬತ್ತು ಸಾಲು, ಅದರ ತಾರೀಖು, ಒಳಗೆ ಹೋದ ಹತ್ತು ಸಾಲು. ಹತ್ತನೆಯದು ನನ್ನದಲ್ಲ ಎಂದು ಬರೆದೆ. ಯಾರದು ಎಂದು ಬರೆಯಲಿಲ್ಲ. ಹೆರನ್‌ಗೆ ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರ ಮಾತ್ರ, ಓದುವವರಿಗೆ ಲೆಕ್ಕ ಬರುತ್ತದೆ.

ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆದೆ. ಅದಕ್ಕೆ ಯಾರೂ ಉತ್ತರಿಸಲಿಲ್ಲ, ನೀವೂ ಕೂಡ. 4.2 ಹೊರಟಾಗ ಪ್ರಕಟಣೆಯಲ್ಲಿ ನನ್ನ ಹೆಸರನ್ನು ನಾನು ಹನ್ನೆರಡು ಸಲ ಓದಿದೆ. ಪೊಟ್ಟಣ ಬಿಚ್ಚಲಿಲ್ಲ. ಬಿಚ್ಚಿ ನೋಡುತ್ತೇನೆ ಎಂದು ಮೇ ತಿಂಗಳಲ್ಲಿ ನಿಮಗೇ ಬರೆದು ಕೊಟ್ಟಿದ್ದೆ. ಬಿಚ್ಚಿದ್ದರೆ ಜುಲೈಯಲ್ಲೇ ಸಿಕ್ಕಿಬೀಳುತ್ತಿತ್ತು, ಆ ಹೆಂಗಸು ತನ್ನ ಹುಟ್ಟುಹಬ್ಬದ ಮರುದಿನ ಮನೆಯಲ್ಲಿರುತ್ತಿದ್ದಳು. ಅಷ್ಟು ನನ್ನ ಪಾಲು. ನನಗೆ ನಿಮ್ಮ ಮೇಲಿರುವ ಸಿಟ್ಟು ಅದರಿಂದ ಕಡಿಮೆಯಾಗುವುದಿಲ್ಲ. ಖುಷಿ ಕಾದಿದೆ ಎಂದು ಬರೆದಾಗ ನಾನು ಹೆಸರು ನೋಡಿ ನಿಲ್ಲುತ್ತೇನೆ ಎಂದು ನಿಮಗೆ ಗೊತ್ತಿತ್ತೇ? ಎಷ್ಟೋ ದಿನ ಈ ಒಂದು ಪ್ರಶ್ನೆಯನ್ನೇ ಹಿಡಿದು ಕುಳಿತಿದ್ದೆ. ಈಗ ಕೇಳುತ್ತಿಲ್ಲ. ನೀವು ಇಲ್ಲ ಎಂದರೂ ನಂಬಲಾರೆ, ಹೌದು ಎಂದರೆ ತಡೆಯಲಾರೆ.

ಖಾಲಿ ಕಡತವನ್ನು ಹೆರನ್‌ನಿಂದ ತೆಗೆದುಬಿಡಿ ಎಂದು ಕಳಿಸಿದ್ದೆ. ಕಾರಣದ ಜಾಗದಲ್ಲಿ 'ಈ ಚೀಟಿಗಳಿಗೆ ಈಗ ಆಣೆ ಇಡುವವರಿಲ್ಲ' ಎಂದು ಬರೆದಿದ್ದೆ. ನೀವು ಒಂದೂ ಮಾತಿಲ್ಲದೆ ಒಪ್ಪಿದಿರಿ. ಈ ಸಲ ಗಂಟಾಗಿ ಮಡಚಲಿಲ್ಲ, ಬಿಚ್ಚಿ ನೋಡಿದೆ.

ಬೀಗದ ಕೈ ಬೇಡ. ವೆಲಿಂಗ್ಟನ್ನೂ ಬೇಡ. ಬರೆದುಕೊಡುತ್ತೇನೆ ಎಂದಿರಿ, ನಿಮ್ಮ ಸಹಿಯ ಕೆಳಗೆ ನನ್ನ ಬಗ್ಗೆ ಏನಿರುತ್ತದೆ ಎಂದು ಈಗ ಹೇಳಲಾರೆ. ಗಾಜನ್ನು ಮಾತ್ರ ಹಿಂದಿರುಗಿಸುವುದಿಲ್ಲ. ಅದರ ಮೇಲಿನ ಗೆರೆಗಳು ಸರಿಯಾಗಿವೆ. ನೋಯೆಲ್ ಮೇಷ್ಟರೂ ನಾನೂ ಬೆಟ್ಟ ಹತ್ತಿ ಹೊಸ ಮಾಪಕದ ಪಕ್ಕ ಅದಕ್ಕೊಂದು ಗೂಡು ಮಾಡಿ ಇಟ್ಟೆವು. ಮಾಪಕದ ತಂತಿ ಕಡಿದರೂ, ಹತ್ತಿ ಹೋದವರಿಗೆ ಎಷ್ಟು ಮಳೆ ಎಂದು ಕಣ್ಣಿಗೆ ಕಾಣುತ್ತದೆ. ಇಳಿಯುವಾಗ ಮೇಷ್ಟರು, "ಆ ಪುಸ್ತಕದ ಉತ್ತರ ತಪ್ಪಿತ್ತು ಕಣಮ್ಮ. ಅವತ್ತು ಸಂಜೆ ಮನೇಲಿ ಮಾಡಿ ನೋಡಿದೆ," ಎಂದರು. ನಾಲ್ಕು ವರ್ಷ ಏಕೆ ಹೇಳಲಿಲ್ಲ ಎಂದೆ. "ನೀನು ವಾಪಸ್ ಬರ್ತೀಯ ಅಂತ ಕಾದೆ." ಎಲ್ಲರೂ ಸರಿಯಾದ ಹೊತ್ತಿಗೆ ಕಾಯುತ್ತಾರೆ. ಆದರೆ ಅವರು ಕೊನೆಗೆ ಹೇಳಿದರು.

ಮೊನ್ನೆ ಗುರುವಾರ ಕೊಲ್ಲಿ ತೆರೆಯಿತು. ಬೆಳೆಗಾರರಲ್ಲಿ ಅರ್ಧ ಜನ ನಾನು ಬರೆದದ್ದನ್ನು ನಂಬಿದ್ದಾರೆ, ಅರ್ಧ ಜನ ನಂಬಿಲ್ಲ. ಅಂಗಡಿಯಲ್ಲಿ ಸಿಗುವ ಆ ಬೆಳೆಗಾರ ಈಗಲೂ ದಾರಿ ಬಿಡುತ್ತಾನೆ. ನಾನು ಕೆಲಸ ಬಿಟ್ಟು ಹೊರಡುತ್ತೇನೆ ಎಂದೇ ಎಲ್ಲರೂ ಅಂದುಕೊಂಡಿದ್ದರು, ನಾನೂ ಚೀಲ ಕಟ್ಟಿಟ್ಟಿದ್ದೆ. ಬೆಳಗ್ಗೆ ಗ್ಲೆನಿಸ್ ಫ್ರಿಜ್ಜಿನ ಮೇಲಿನ ಕಾಗದ ಕಿತ್ತು ಒಲೆಗೆ ಹಾಕಿ, ಚೀಟಿಗಳ ಕಟ್ಟನ್ನು ನನ್ನ ಮುಂದೆ ತಳ್ಳಿದಳು.

"ಮೊದಲ ಚೀಲಕ್ಕೆ ಯಾರ್ ಸಹಿ ಹಾಕ್ತಾರೆ ಅಂತ ಹೊರಗೆ ನಿಂತು ನೋಡ್ತಿದಾರೆ. ಹಾಕ್ತೀಯೋ, ನಾನ್ ಹಾಕ್ಲೋ?"

ಆ ಚೀಲ ನಾನೇ ತುಂಬಿದ್ದು. ಬಾಯಿ ಕಟ್ಟಿಯೂ ಆಗಿತ್ತು. ಆದರೂ ಗಂಟು ಬಿಚ್ಚಿ, ಎಲ್ಲರೂ ನೋಡುತ್ತಿದ್ದಂತೆ ಮೇಜಿನ ಮೇಲೆ ಸುರಿದು, ಐದು ಡಜನ್ ಸಿಂಪಿಗಳನ್ನೂ ಒಂದೊಂದಾಗಿ ಎತ್ತಿ ನೋಡಿ ಮತ್ತೆ ತುಂಬಿದೆ. ಹೊತ್ತು ಹಿಡಿಯಿತು. ಲಾರಿಯವನು ಎರಡು ಸಲ ಹಾರ್ನ್ ಹೊಡೆದ.

ಆಮೇಲೆ ಚೀಟಿಯ ಮೇಲೆ ಬರೆದೆ.

ಟೆಗನ್ ಡಗನ್